ತಂಗಡಿ ಎಲೆ, ಇಲಿಯ ಯಕೃತ್ತು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಒಣ ಬಯಲಲ್ಲಿ ಹಳದಿ ಹೂ ಬಿಡುವ ತಂಗಡಿ (ಆವರಿಕೆ) ಯಾರಿಗೆ ಗೊತ್ತಿಲ್ಲ? ಇದರ ತೊಗಟೆ ಚರ್ಮ ಹದಮಾಡಲು ಬಳಕೆಯಾದದ್ದು. ಎಲೆಯನ್ನು ತಮಿಳುನಾಡಿನ ಅಣ್ಣಾಮಲೈ ವಿಶ್ವವಿದ್ಯಾಲಯದವರು ಇಲಿಗಳ ಮೇಲೆ ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಲ್ಕೋಹಾಲ್ ಕುಡಿಸಿದ ಇಲಿಯ ಯಕೃತ್ತಿನಲ್ಲಿ ಫ್ರೀ ರ‍್ಯಾಡಿಕಲ್ ಎಂಬ ಪುಂಡ ಕಣಗಳು ಹೆಚ್ಚಿ ಜೀವಕೋಶದ ಕೊಬ್ಬನ್ನು ಕೆಡಿಸುತ್ತವೆ, ಬೆಣ್ಣೆ ಕಮಟು ಹಿಡಿದ ಹಾಗೆ. ಎಲೆಯ ಸಾರ ಕುಡಿಸಿದಾಗ ಆ ಕೆಡುಕು ತಗ್ಗಿತು. ಅದನ್ನು ತಡೆಯುವ ಗ್ಲುಟಾಥಯೋನ್ ಹೆಚ್ಚಿತು.

ಹಾಗೆಂದು ಕಾಮಣಿಯಾದ ಮಗುವಿಗೆ ಎಲೆ ಅರೆದು ಕುಡಿಸುವ ಅವಸರ ಬೇಡ. ಇಲಿಗೆ ಕೊಟ್ಟದ್ದು ಅಳೆದ ಸಾರ, ಹಸಿ ರಸವಲ್ಲ. ಇಲಿಯ ಪ್ರಮಾಣವನ್ನು ಮನುಷ್ಯನಿಗೆ ಹೊಂದಿಸುವಾಗ ಕಿಲೋ ತೂಕಕ್ಕೆ ಸುಮಾರು ಆರನೇ ಒಂದು ಭಾಗಕ್ಕೆ ಇಳಿಸುತ್ತಾರೆ. ಅದೂ ಪರೀಕ್ಷೆಯ ಆರಂಭಕ್ಕಷ್ಟೇ. ಕಾಮಣಿಗೆ ವೈರಸ್ಸೂ ಕಾರಣ, ಪಿತ್ತನಾಳದ ಕಲ್ಲೂ ಕಾರಣ. ಯಾವುದೆಂದು ವೈದ್ಯರು ಪರೀಕ್ಷಿಸಿಯೇ ಹೇಳಬೇಕು. ಆ ಇಲಿಗಳಿಗಿದ್ದದ್ದು ಆಲ್ಕೋಹಾಲಿನ ಪೆಟ್ಟೊಂದೇ.