ನೆಲ ನಡುಗಿಸದ ಸಾವು

ಬಂಗಾರಪೇಟೆ ಬಿಟ್ಟ ರೈಲು ಕೋರಮಂಡಲ, ಉರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂ ಕಡೆ ಸಾಗುವಾಗ ಬೂದು ಬಣ್ಣದ ಬೋಳು ದಿಬ್ಬಗಳು ಎದುರಾಗುತ್ತವೆ. ಕೋಲಾರದ ಚಿನ್ನದ ಗಣಿಗಳ ಊರಾದ ಕೆಜಿಎಫ್‌ನವರ ಬಾಯಲ್ಲಿ ಅವು ಸೈನೈಡ್ ಗುಡ್ಡಗಳು. ಬಂಡೆಯನ್ನು ಪುಡಿ ಮಾಡಿ, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಮಿಕ್ಕ ಹಿಟ್ಟು ಅದು. ಗಾಳಿ ಎದ್ದರೆ ಗುಡ್ಡದ ನೆತ್ತಿ ಹೊಗೆಯಾಡುತ್ತದೆ; ಒಗೆದು ಹರವಿದ ಬಟ್ಟೆಯ ಮೇಲೆ, ಲೈನ್ ಮನೆಗಳ ಹೊಸ್ತಿಲ ಮೇಲೆ ಹಿಟ್ಟು ಕೂರುತ್ತದೆ. ಅಲ್ಲಲ್ಲಿ ಶಾಫ್ಟಿನ ಬಾಯಿಯ ಮೇಲೆ ನಿಂತ ಉಕ್ಕಿನ ಗೋಪುರಗಳು ತುಕ್ಕು ಹಿಡಿದಿವೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು.

ಅದಕ್ಕೂ ಮೊದಲು ನೂರಿಪ್ಪತ್ತು ವರ್ಷ ಜನ ಇಲ್ಲಿ ಭೂಮಿಯೊಳಗೆ ಇಳಿದರು. ಹೆಚ್ಚಿನವರು ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದ ದಲಿತರು. ಕಂಬಿಗಳ ಪಂಜರದಂಥ ಕೇಜಿನಲ್ಲಿ ಭುಜಕ್ಕೆ ಭುಜ ಒತ್ತಿ ನಿಂತರೆ ಬೆಳಕು ತಲೆಯ ಮೇಲೆ ಕಿರಿದಾಗುತ್ತ ಹೋಗಿ ಮಾಯವಾಗುತ್ತಿತ್ತು. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. ಅಷ್ಟು ಕೆಳಗೆ ಬಂಡೆಯ ಬಿಸಿಯೇ 65 ಡಿಗ್ರಿ ಸೆಲ್ಸಿಯಸ್‌ ಆಸುಪಾಸು. ಮೇಲಿನಿಂದ ತಂಪುಗಾಳಿ ತಳ್ಳಿದರೂ ಮೈಯ ಬೆವರು ಆರುತ್ತಿರಲಿಲ್ಲ. ಕಿವಿಗಡಚಿಕ್ಕುವ ಡ್ರಿಲ್ಲು, ಸಿಡಿಮದ್ದಿನ ಘಾಟು, ಹೆಲ್ಮೆಟ್ಟಿನ ದೀಪದ ಮುಂದೆ ತೇಲುವ ದೂಳು. ಶಿಫ್ಟು ಮುಗಿಯುವತನಕ ಇದೇ ಲೋಕ.

ಆ ಲೋಕದಲ್ಲಿ ಕಲ್ಲು ಎರಡು ಬಗೆಯಲ್ಲಿ ಕೊಲ್ಲುತ್ತಿತ್ತು.

ಮೊದಲನೆಯದರ ಹೆಸರು ರಾಕ್ ಬರ್ಸ್ಟ್. ಅದಿರು ತೆಗೆದಷ್ಟೂ ಮೇಲಿನ ಭಾರವೆಲ್ಲ ಉಳಿದ ಬಂಡೆಯ ಮೇಲೆ ಬೀಳುತ್ತದೆ. ಬಂಡೆ ತಡೆಯುವಷ್ಟು ತಡೆದು, ಒಮ್ಮೆಲೇ ಸಿಡಿಯುತ್ತದೆ. ಕೆಳಗೆ ಸುರಂಗ ಕುಸಿದರೆ ಮೇಲೆ ಪಾತ್ರೆಗಳು ಅದುರುತ್ತಿದ್ದವು, ಗೋಡೆ ಬಿರುಕು ಬಿಡುತ್ತಿತ್ತು. ಯಾರ ಮನೆಯವರು ಯಾವ ಶಿಫ್ಟಿನಲ್ಲಿದ್ದಾರೆಂದು ಲೆಕ್ಕ ಹಾಕುತ್ತಲೇ ಹೆಂಗಸರು ಶಾಫ್ಟಿನತ್ತ ಓಡುತ್ತಿದ್ದರು. ಊರೆಲ್ಲ ಕಂಡ ಸಾವಾದ್ದರಿಂದ ಅದಕ್ಕೆ ಉತ್ತರ ಹುಡುಕಲೇಬೇಕಾಯಿತು. ಮರದ ಆಧಾರಗಳಿದ್ದಲ್ಲಿ ಗ್ರಾನೈಟ್ ಗೋಡೆ ಬಂತು, ಆಮೇಲೆ ಕಾಂಕ್ರೀಟ್ ಬಂತು. ಬಂಡೆಯೊಳಗಿನ ಸಣ್ಣ ಕಂಪನಗಳನ್ನು ಆಲಿಸುವ ಉಪಕರಣಗಳು ಬಂದವು. 1988ರಲ್ಲಿ ಬಂಡೆಗಳ ವರ್ತನೆಯನ್ನು ಅಭ್ಯಸಿಸುವ ರಾಷ್ಟ್ರೀಯ ಸಂಸ್ಥೆಯೊಂದು ಇದೇ ಊರಿನಲ್ಲಿ ಹುಟ್ಟಿತು.

ಎರಡನೆಯದು ಸದ್ದಿಲ್ಲದ್ದು. ಬೆಣಚುಕಲ್ಲು ಕೊರೆದಾಗ ಏಳುವ ಸಿಲಿಕಾ ದೂಳಿನ ಅತಿ ಸಣ್ಣ ಕಣಗಳು ಕಣ್ಣಿಗೂ ಕಾಣುವುದಿಲ್ಲ, ಮೂಗಿನಲ್ಲೂ ನಿಲ್ಲುವುದಿಲ್ಲ. ನೇರವಾಗಿ ಶ್ವಾಸಕೋಶದ ತಳಕ್ಕೆ ಇಳಿದು ಅಲ್ಲಿ ಗಾಯ ಮಾಡುತ್ತವೆ. ಗಾಯ ಮಾಯುವುದಿಲ್ಲ, ಗಡುಸಾಗುತ್ತದೆ. ಮೊದಲು ಒಣಕೆಮ್ಮು, ಆಮೇಲೆ ಏರು ಹತ್ತುವಾಗ ಏದುಸಿರು, ಕೊನೆಗೆ ಗೋಡೆಗೆ ಒರಗಿ ಕೂತೇ ಕಳೆಯುವ ರಾತ್ರಿಗಳು. ಈ ರೋಗದ ಹೆಸರು ಸಿಲಿಕೋಸಿಸ್. ಭಾರತದಲ್ಲಿ ಅದು ಮೊದಲು ವರದಿಯಾದದ್ದು 1934ರಲ್ಲಿ, ಇದೇ ಗಣಿಗಳಿಂದ. 1940ರಿಂದ 1946ರವರೆಗೆ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 44 ಮಂದಿಯಲ್ಲಿ ಆ ರೋಗವಿತ್ತು. ಯಾವ ರಾಕ್ ಬರ್ಸ್ಟೂ ಅಷ್ಟು ಜನರನ್ನು ಮುಟ್ಟಿರಲಿಲ್ಲ. ಆದರೆ ಈ ಸಾವಿಗೆ ನೆಲ ನಡುಗಲಿಲ್ಲ, ಊರು ಓಡಿ ಬರಲಿಲ್ಲ. ಕೆಲಸ ಬಿಟ್ಟು ಎಷ್ಟೋ ವರ್ಷದ ಮೇಲೆ, ಎಲ್ಲೋ ಹುಟ್ಟೂರಿನಲ್ಲಿ, ಕೆಮ್ಮಿ ಕೆಮ್ಮಿ ಸತ್ತವನನ್ನು ಗಣಿ ಕೊಂದಿತೆಂದು ಯಾರು ಬರೆದುಕೊಂಡಾರು?

ಏಪ್ರಿಲ್ 28 ದುಡಿಮೆಯಲ್ಲಿ ಮಡಿದವರನ್ನು ನೆನೆಯುವ ದಿನ. 1984ರಲ್ಲಿ ಕೆನಡಾದ ಕಾರ್ಮಿಕ ಸಂಘವೊಂದು ಆರಂಭಿಸಿದ ಈ ಸ್ಮರಣೆ ಲೋಕವೆಲ್ಲ ಹಬ್ಬಿದೆ. 2003ರಿಂದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಅದೇ ದಿನವನ್ನು ಸುರಕ್ಷತೆಯ ದಿನವೆಂದು ಆಚರಿಸುತ್ತಿದೆ. ಅಂದು ಹಚ್ಚುವ ದೀಪ, ಇಡುವ ಹೂವು ದೂಳು ಕೊಂದ ಈ ಎರಡನೆಯ ಸಾಲಿನವರಿಗೂ ಸಲ್ಲಬೇಕು. ಅವರಿಗೆ ಸಾವಿನ ತಾರೀಖು ಇದೆ, ಅಪಘಾತದ ತಾರೀಖು ಇಲ್ಲ.

ಕೆಜಿಎಫ್ ಮುಚ್ಚಿದರೂ ದೂಳು ಮುಗಿದಿಲ್ಲ. ಜಲ್ಲಿ ಕ್ರಷರುಗಳ ಸುತ್ತಲಿನ ಗಿಡಮರ ಬಿಳಿಚಿಕೊಂಡು ನಿಂತಿವೆ. ಇಳಕಲ್ಲಿನ ಕೆಂಪು ಗ್ರಾನೈಟಾಗಲಿ ಮತ್ತಾವ ಊರಿನದಾಗಲಿ, ಒಣಗಿದ್ದಂತೆಯೇ ಕೊಯ್ದರೆ ಏಳುವುದು ಅದೇ ದೂಳು. ಮನೆ ಕಟ್ಟುವಲ್ಲಿ ಕಟರ್ ಹಿಡಿದ ಹುಡುಗ ಮೂಗಿಗೆ ಟವೆಲ್ ಸುತ್ತಿಕೊಂಡಿರುತ್ತಾನೆ. ಆ ಕಣಗಳಿಗೆ ಟವೆಲ್ ಯಾವ ಲೆಕ್ಕ?

ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆಯಲ್ಲ, ತಡೆಯಬಹುದಾದ ಕಾಯಿಲೆ. ಡ್ರಿಲ್ಲಿನ, ಗರಗಸದ ಮೊನೆಗೆ ನೀರು ಹಾಯಿಸಿದರೆ ದೂಳು ಹುಟ್ಟಿದಲ್ಲೇ ಕೆಸರಾಗಿ ಇಳಿಯುತ್ತದೆ. ಎದ್ದ ದೂಳನ್ನು ಅಲ್ಲೇ ಹೀರಿಕೊಳ್ಳುವ ಯಂತ್ರಗಳಿವೆ, ಸರಿಯಾದ ಮಾಸ್ಕುಗಳಿವೆ. 1948ರ ಕಾರ್ಖಾನೆ ಕಾಯ್ದೆ, 1952ರ ಗಣಿ ಕಾಯ್ದೆ ಎರಡೂ ಇದನ್ನು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗವೆಂದು ಗುರುತಿಸಿದವು. ಆದರೂ ಎಷ್ಟೋ ಸಲ ಕ್ಷಯವೆಂದು ಚೀಟಿ ಬರೆದು ಕಳಿಸಲಾಗುತ್ತದೆ. ಎದೆಯ ಎಕ್ಸ್‌ರೇ ನೋಡುವ ವೈದ್ಯರು ಒಂದು ಪ್ರಶ್ನೆಯನ್ನು ಮರೆಯದೆ ಕೇಳಬೇಕು: ಏನು ಕೆಲಸ ಮಾಡುತ್ತಿದ್ದಿರಿ? ಆ ಉತ್ತರ ದಾಖಲಾದರೆ ಮನೆಯವರಿಗೆ ಪರಿಹಾರ ಕೇಳುವ ದಾರಿ ತೆರೆಯುತ್ತದೆ, ಮಾಲೀಕನಿಗೆ ಹೊಣೆ ಬರುತ್ತದೆ, ಪಕ್ಕದಲ್ಲಿ ದುಡಿಯುತ್ತಿರುವವನ ಡ್ರಿಲ್ಲಿಗೆ ನೀರು ಬರುತ್ತದೆ. ಸತ್ತವರಿಗೆ ನಾವು ಸಲ್ಲಿಸಬೇಕಾದ ಗೌರವ ಇದು.