ಬೆಕ್ಕನ್ನು ಬಿಡಿ, ತಕ್ಕಡಿ ಹಿಡಿಯಿರಿ

ಹಾನಗಲ್ಲಿನಲ್ಲಾಗಲಿ ಸವಣೂರಿನಲ್ಲಾಗಲಿ, ಎಪಿಎಂಸಿ ಅಂಗಳದಲ್ಲಿ ಗೋವಿನಜೋಳದ ಚೀಲ ಕಾಟಾ ಏರಿತೆಂದರೆ ರೈತನ ಕಣ್ಣು ಅಂಕಿಯ ಮೇಲೆ. ಆ ಅಂಕಿಯನ್ನು ನಂಬುವುದು ಹೇಗೆ? ಕಾಟಾಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುತ್ತದೆ. ಇಲಾಖೆಯವರ ತೂಕದ ಕಲ್ಲನ್ನು ಅದಕ್ಕಿಂತ ಮೇಲಿನ ಪ್ರಯೋಗಾಲಯದ ಕಲ್ಲಿಗೆ ತಾಳೆ ನೋಡಿರುತ್ತಾರೆ. ಹೀಗೆ ಮೆಟ್ಟಿಲು ಹತ್ತುತ್ತ ಹೋದರೆ ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಸಿಗುತ್ತದೆ; ನಮ್ಮ ದೇಶದ ಪಾಲಿಗೆ ಬಂದ 57ನೇ ಸಂಖ್ಯೆಯ ಕಿಲೋಗ್ರಾಂ ತುಂಡು ಅಲ್ಲಿದೆ. ಅದರ ಮೂಲ ಪ್ಯಾರಿಸ್ ಹತ್ತಿರದ ಸೆವ್ರ್‌ನಲ್ಲಿ ಗಾಜಿನ ಗಂಟೆಯೊಳಗೆ ಇಟ್ಟ ಪ್ಲಾಟಿನಂ-ಇರಿಡಿಯಂ ಉರುಳೆ. 1889ರಿಂದ ಜಗತ್ತಿನ ಎಲ್ಲ ಕಿಲೋಗಳಿಗೂ ಅದೇ ಸಾಕ್ಷಿಯಾಗಿತ್ತು.

ತೊಂದರೆ ಏನಾಯಿತೆಂದರೆ, ಅದಕ್ಕೂ ಅದರ ಪ್ರತಿಗಳಿಗೂ ನೂರು ವರ್ಷದಲ್ಲಿ ಸುಮಾರು 50 ಮೈಕ್ರೋಗ್ರಾಂ ವ್ಯತ್ಯಾಸ ಬಂತು. ಯಾವುದು ಕರಗಿತು, ಯಾವುದು ಬೆಳೆಯಿತು, ಹೇಳುವವರು ಯಾರು? ಹಾಗಾಗಿ 2019ರ ಮೇ 20ರಿಂದ ಆ ಉರುಳೆಗೆ ನಿವೃತ್ತಿ. ಈಗ ಕಿಲೋಗ್ರಾಂ ನಿಂತಿರುವುದು ಒಂದು ಸಂಖ್ಯೆಯ ಮೇಲೆ: 6.62607015ನ್ನು 10ರ 34ನೇ ಘಾತದಿಂದ ಭಾಗಿಸಿದರೆ ಬರುವಷ್ಟು ಜೌಲ್-ಸೆಕೆಂಡ್. ಬಿಡಿಸಿ ಬರೆದರೆ ದಶಮಾಂಶ ಬಿಂದುವಿನ ಮುಂದೆ 33 ಸೊನ್ನೆ, ಆಮೇಲೆ ಆರು. ಇದರ ಹೆಸರು ಪ್ಲಾಂಕ್ ಸ್ಥಿರಾಂಕ. ಕ್ವಾಂಟಮ್ ಭೌತಶಾಸ್ತ್ರ ಎಂಬ ಇಡೀ ಶಾಸ್ತ್ರ ಹುಟ್ಟಿದ್ದೇ ಈ ಸಂಖ್ಯೆಯಿಂದ.

ನನ್ನಂಥ ವಿಜ್ಞಾನ ಓದದವರು ಕ್ವಾಂಟಮ್ ತಿಳಿಯಲು ಹೊರಟರೆ ಎದುರಿಗೆ ಮೊದಲು ಸಿಗುವುದು ಬೆಕ್ಕು. ಪೆಟ್ಟಿಗೆಯೊಳಗೆ ಸತ್ತೂ ಇರುವ, ಬದುಕಿಯೂ ಇರುವ ಶ್ರೋಡಿಂಜರ್ ಬೆಕ್ಕು. ಯೂಟ್ಯೂಬಿನಲ್ಲಿ ಅದೇ, ಜನಪ್ರಿಯ ಪುಸ್ತಕದಲ್ಲಿ ಅದೇ. ಶ್ರೋಡಿಂಜರ್ 1935ರಲ್ಲಿ ಆ ಬೆಕ್ಕಿನ ಕಥೆ ಕಟ್ಟಿದ್ದು, ಈ ಸಿದ್ಧಾಂತವನ್ನು ಹೀಗೇ ಎಳೆದರೆ ಎಂಥ ಅಸಂಬದ್ಧಕ್ಕೆ ಬಂದು ನಿಲ್ಲುತ್ತದೆ ನೋಡಿ ಎಂದು ಅಣಕಿಸಲು. ಸಿದ್ಧಾಂತ ಗೊತ್ತಿದ್ದವರಿಗೆ ಹೇಳಿದ ವ್ಯಂಗ್ಯವನ್ನೇ ಗೊತ್ತಿಲ್ಲದವರಿಗೆ ಮೊದಲ ಪಾಠ ಮಾಡಿದರೆ ತಲೆ ತಿರುಗದೆ ಇನ್ನೇನಾಗುತ್ತದೆ? ಬೆಕ್ಕನ್ನು ಬಿಟ್ಟು ಆ ಸಂಖ್ಯೆಯನ್ನು ಹಿಡಿದರೆ ದಾರಿ ಸಲೀಸು ಎಂಬುದು ನನ್ನ ಅಭಿಪ್ರಾಯ.

ಸಂಖ್ಯೆ ಬಂದದ್ದು ಬಿಸಿ ವಸ್ತುಗಳ ಬೆಳಕಿನಿಂದ. ಶಿಗ್ಗಾವಿಯ ಕಮ್ಮಾರರ ಕುಲುಮೆಯಲ್ಲಿ ಕಬ್ಬಿಣ ಕಾದಂತೆ ಮೊದಲು ಕೆಂಪಗಾಗುತ್ತದೆ, ಆಮೇಲೆ ಹಳದಿ, ಇನ್ನೂ ಊದಿದರೆ ಬೆಳ್ಳಗೆ. ಹತ್ತೊಂಬತ್ತನೇ ಶತಮಾನದ ಲೆಕ್ಕದ ಪ್ರಕಾರ ಬಿಸಿಯಾದ ಯಾವುದೇ ವಸ್ತು ನೇರಳೆ ಮತ್ತು ಅದರಾಚೆಯ ಬೆಳಕನ್ನು ಮಿತಿಯಿಲ್ಲದಷ್ಟು ಸುರಿಸಬೇಕಿತ್ತು. ರೊಟ್ಟಿ ಹಂಚಿನ ಮುಂದೆ ಕೂತವರೆಲ್ಲ ಸುಟ್ಟು ಹೋಗಬೇಕಿತ್ತು. ಹಾಗಾಗುವುದಿಲ್ಲ ಎಂದು ರೊಟ್ಟಿ ಬಡಿಯುವ ಎಲ್ಲರಿಗೂ ಗೊತ್ತು; ಯಾಕೆ ಆಗುವುದಿಲ್ಲ ಎಂಬುದು ಯಾವ ವಿಜ್ಞಾನಿಗೂ ಗೊತ್ತಿರಲಿಲ್ಲ. 1900ರ ಡಿಸೆಂಬರ್ 14ರಂದು ಬರ್ಲಿನ್‌ನಲ್ಲಿ ಮ್ಯಾಕ್ಸ್ ಪ್ಲಾಂಕ್, ಬೇರೆ ದಾರಿ ಕಾಣದೆ, ಒಂದು ಷರತ್ತು ಹಾಕಿಕೊಂಡು ಲೆಕ್ಕ ಮಾಡಿದರು. ಶಕ್ತಿಯ ಕೊಡುಕೊಳ್ಳುವಿಕೆ ಬೇಕಾದಷ್ಟು ಸಣ್ಣದಾಗಿ ನಡೆಯುವುದಿಲ್ಲ, ಗಂಟುಗಂಟಾಗಿಯೇ ನಡೆಯುತ್ತದೆ. ಒಂದು ಗಂಟಿನ ಗಾತ್ರ ಎಷ್ಟು? ಬೆಳಕಿನ ಕಂಪನ ಸಂಖ್ಯೆಯನ್ನು ಆ ಸ್ಥಿರಾಂಕದಿಂದ ಗುಣಿಸಿದಷ್ಟು. ಕೆಂಪಿನದು ಸಣ್ಣ ಗಂಟು, ನೇರಳೆಯದು ದೊಡ್ಡದು. ಕೆಂಪಗೆ ಕಾದ ಕಬ್ಬಿಣದ ಬಳಿ ನೇರಳೆ ಗಂಟು ಕಟ್ಟುವಷ್ಟು ಬಂಡವಾಳ ಇರುವುದಿಲ್ಲ. ಲೆಕ್ಕ ಪ್ರಯೋಗಕ್ಕೆ ಕರಾರುವಾಕ್ಕಾಗಿ ಕೂಡಿಬಂತು.

ಪ್ಲಾಂಕ್‌ಗೆ ಇದು ಲೆಕ್ಕದ ಉಪಾಯ ಮಾತ್ರವಾಗಿತ್ತು. ಬೆಳಕೇ ಗಂಟುಗಳಾಗಿ ಬರುತ್ತದೆ ಎಂದು 1905ರಲ್ಲಿ ಧೈರ್ಯವಾಗಿ ಹೇಳಿದವರು ಐನ್‌ಸ್ಟೈನ್. ಅವರಿಗೆ 1921ರ ನೊಬೆಲ್ ಬಂದದ್ದೂ ಇದಕ್ಕೇ, ಸಾಪೇಕ್ಷತೆಗಲ್ಲ. ಲೋಹದ ಮೇಲೆ ಬೆಳಕು ಬಿದ್ದರೆ ಎಲೆಕ್ಟ್ರಾನ್ ಹೊರಗೆ ಹಾರುವುದುಂಟು. ವಿಚಿತ್ರವೆಂದರೆ ಕೆಂಪು ಬೆಳಕನ್ನು ಎಷ್ಟೇ ಜೋರಾಗಿ ಹಾಯಿಸಿದರೂ ಒಂದೂ ಹಾರದಿದ್ದ ಕಡೆ, ಮಿಣಮಿಣ ನೇರಳೆ ಬೆಳಕಿಗೇ ಹಾರುತ್ತದೆ. ನಲವತ್ತು ಅಡಿ ಆಳದ ಬಾವಿ ಇದೆ ಎನ್ನಿ. ಹತ್ತತ್ತು ಅಡಿಯ ಹಗ್ಗ ಹಿಡಿದು ನೂರು ಮಂದಿ ಗಡಗಡಿ ಸುತ್ತ ನಿಂತರೂ ಒಂದು ಕೊಡ ನೀರು ಮೇಲೆ ಬರುವುದಿಲ್ಲ. ನಲವತ್ತೈದು ಅಡಿ ಹಗ್ಗ ಇದ್ದ ಹುಡುಗಿ ಒಬ್ಬಳೇ ಬಂದು ಸೇದಿಕೊಂಡು ಹೋಗುತ್ತಾಳೆ. ಬೆಳಕಿನ ಬಣ್ಣವೆಂದರೆ ಹಗ್ಗದ ಉದ್ದ, ಬೆಳಕಿನ ಜೋರೆಂದರೆ ಮಂದಿಯ ಎಣಿಕೆ. ಹಗ್ಗಕ್ಕೆ ಹಗ್ಗ ಗಂಟು ಹಾಕಬಹುದಲ್ಲ ಎಂದು ಕೇಳಬಹುದು. ಇಲ್ಲಿ ಅದಕ್ಕೆ ಅವಕಾಶವಿಲ್ಲ. ಒಂದು ಎಲೆಕ್ಟ್ರಾನ್‌ಗೆ ಒಂದು ಸಲಕ್ಕೆ ಒಂದೇ ಗಂಟು. ಹೊಲದ ಸೋಲಾರ್ ಪಂಪ್‌ಸೆಟ್ಟಿನ ಫಲಕದಲ್ಲೂ ಇದೇ ಕಟ್ಟಳೆ. ಅದರ ಸಿಲಿಕಾನ್‌ಗೆ ಸುಮಾರು 1100 ನ್ಯಾನೋಮೀಟರ್‌ಗಿಂತ ಉದ್ದ ಅಲೆಯ ಬೆಳಕಿನಿಂದ ಉಪಯೋಗವಿಲ್ಲ. ಉರಿ ಆರಿದ ಬಿಸಿ ಒಲೆಯ ಮುಂದೆ ಆ ಫಲಕವನ್ನು ಇಡೀ ದಿನ ಇಟ್ಟರೂ ವಿದ್ಯುತ್ ಹುಟ್ಟುವುದಿಲ್ಲ.

ಇದನ್ನೇ ತಿರುವುಮುರುವು ಮಾಡಿದರೆ ಎಲ್‌ಇಡಿ. ಹಿರೇಕೆರೂರಿನ ಬಸ್‌ಸ್ಟ್ಯಾಂಡ್ ಹತ್ತಿರದ ಯಾವುದಾದರೂ ಟಿವಿ-ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೇಳಿ ನೋಡಿ. "ಕೆಂಪ ಎಲ್‌ಇಡಿ ಕಮ್ಮಿ ವೋಲ್ಟಿಗೇ ಹತ್ತತೈತ್ರಿ ಸರ, ನೀಲಿಗೆ ಜಾಸ್ತಿ ಬೇಕ್ರಿ" ಅನ್ನುತ್ತಾರೆ. ಕ್ವಾಂಟಮ್ ಭೌತಶಾಸ್ತ್ರದ ತಿರುಳೇ ಅದು. ದೊಡ್ಡ ಗಂಟಿನ ಬೆಳಕಿಗೆ ದೊಡ್ಡ ನೂಕು ಬೇಕು. ಕುತೂಹಲವಿದ್ದರೆ ಅಲ್ಲೇ ಅಳೆಯಬಹುದು: ಎರಡು ಸೆಲ್ಲು, ಹಳೇ ರೇಡಿಯೋದ ವಾಲ್ಯೂಮ್ ಕಂಟ್ರೋಲ್, ಒಂದು ರೆಸಿಸ್ಟರ್, ಮಲ್ಟಿಮೀಟರ್. ವೋಲ್ಟೇಜನ್ನು ಮೆಲ್ಲಗೆ ಏರಿಸುತ್ತ ನೀಲಿ ಎಲ್‌ಇಡಿ ಕಣ್ಣು ಬಿಡುವ ಕ್ಷಣ ಗುರುತಿಸಿಕೊಳ್ಳಿ. ಅದು ಸುಮಾರು ಎರಡೂವರೆ ವೋಲ್ಟ್ ಇರುತ್ತದೆ. ನೀಲಿ ಬೆಳಕಿನ ಅಲೆಯ ಉದ್ದ 470 ನ್ಯಾನೋಮೀಟರ್ ಹಿಡಿಯಿರಿ. ವೋಲ್ಟೇಜನ್ನು ಎಲೆಕ್ಟ್ರಾನಿನ ವಿದ್ಯುದಂಶದಿಂದಲೂ ಅಲೆಯ ಉದ್ದದಿಂದಲೂ ಗುಣಿಸಿ ಬೆಳಕಿನ ವೇಗದಿಂದ ಭಾಗಿಸಿದರೆ 6.3ರ ಆಸುಪಾಸು ಬರುತ್ತದೆ, ಹಿಂದೆ ಅವೇ 33 ಸೊನ್ನೆ. ಪ್ಯಾರಿಸ್ಸಿನ ಉರುಳೆಯನ್ನು ಮನೆಗೆ ಕಳಿಸಿದ ಸಂಖ್ಯೆ, ಸುಮಾರು ಶೇಕಡಾ ಐದರಷ್ಟು ತಪ್ಪಿನೊಂದಿಗೆ, ಸಂತೆಯ ದಿನ ಅಂಗಡಿಕಟ್ಟೆಯ ಮೇಲೆ ಸಿಕ್ಕಿತು. ಬಿಎಸ್ಸಿ, ಎಂಜಿನಿಯರಿಂಗ್ ಪ್ರಯೋಗಾಲಯಗಳಲ್ಲಿ ಮಾಡಿಸುವ ಪ್ರಯೋಗವೂ ಇದೇ.

ಹೀಗಿದ್ದೂ ಈ ಕಡೆಯ ಹುಡುಗರಿಗೆ ಕ್ವಾಂಟಮ್ ದೂರದ ಮಾತಾಗಿ ಉಳಿಯುವುದು ಯಾಕೆ? ಹತ್ತನೇ ತರಗತಿಯ ತನಕ ಕನ್ನಡದಲ್ಲಿ ಓದಿದವರಿಗೆ ಈ ವಿಷಯ ಪಠ್ಯದಲ್ಲಿ ಎದುರಾಗುವುದೇ ಪಿಯುಸಿ ವಿಜ್ಞಾನದಲ್ಲಿ, ಅದೂ ಇಂಗ್ಲಿಷಿನಲ್ಲಿ. ಕಲಾ, ವಾಣಿಜ್ಯ ವಿಭಾಗ ಹಿಡಿದವರಿಗೆ ಆ ಬಾಗಿಲೇ ಇಲ್ಲ. 'ಬಾಲ ವಿಜ್ಞಾನ'ದಂಥ ಕನ್ನಡ ಪತ್ರಿಕೆ ಸಿಕ್ಕವರು ಪುಣ್ಯವಂತರು.

ಇಲ್ಲಿಯವರೆಗಿನದು ಸುಲಭದ ಭಾಗ. ಕಷ್ಟ ಶುರುವಾಗುವುದು ಎಲೆಕ್ಟ್ರಾನುಗಳನ್ನು ಎರಡು ಸೀಳುಗಳ ಮುಂದೆ ಬಿಟ್ಟಾಗ. ಒಂದೊಂದೇ ಎಲೆಕ್ಟ್ರಾನ್ ಬಿಡುತ್ತ ಹೋದರೆ ಪರದೆಯ ಮೇಲೆ ಅಲ್ಲೊಂದು ಇಲ್ಲೊಂದು ಚುಕ್ಕೆ. ಸಾವಿರಾರು ಚುಕ್ಕೆ ಸೇರಿದಾಗ ಪಟ್ಟೆಪಟ್ಟೆ ಏಳುತ್ತದೆ, ಅಲೆಗಳು ಬೆರೆತಾಗ ಏಳುವಂಥ ಪಟ್ಟೆ. ಜಪಾನಿನ ಹಿಟಾಚಿ ಪ್ರಯೋಗಾಲಯದಲ್ಲಿ ಅಕಿರಾ ತೊನೊಮುರಾ ತಂಡ 1989ರಲ್ಲಿ ಇದನ್ನು ಕಣ್ಣಿಗೆ ಕಾಣುವಂತೆ ಚಿತ್ರೀಕರಿಸಿತು. ನನ್ನನ್ನು ಕಾಡಿದ್ದು ಪಟ್ಟೆಯಲ್ಲ, ಪಟ್ಟೆಗಳ ನಡುವಿನ ಕತ್ತಲೆ. ಒಂದೇ ಸೀಳು ತೆರೆದಾಗ ಎಲೆಕ್ಟ್ರಾನ್ ಬಂದು ಬೀಳುತ್ತಿದ್ದ ಜಾಗಕ್ಕೆ, ಎರಡನೆಯದನ್ನೂ ತೆರೆದ ಕೂಡಲೇ ಬರುವುದು ನಿಂತುಹೋಗುತ್ತದೆ. ಇನ್ನೊಂದು ದಾರಿ ಕೊಟ್ಟರೆ ಬರುವವರು ಕಡಿಮೆಯಾಗುವುದೆಂದರೇನು?

ಇದಕ್ಕೆ ಲೆಕ್ಕ ಕೊಟ್ಟವರು ಮ್ಯಾಕ್ಸ್ ಬಾರ್ನ್. 1926ರ ಲೇಖನದಲ್ಲಿ ಅವರು, ಎಲೆಕ್ಟ್ರಾನಿನ ಜೊತೆಗಿರುವ ಅಲೆ ಬೇರೇನೂ ಅಲ್ಲ, ಎಲ್ಲಿ ಸಿಕ್ಕೀತು ಎಂಬ ಸಂಭವದ ಲೆಕ್ಕ ಎಂದು ಬರೆದರು. ಅವಸರದಲ್ಲಿ ಅಲೆಯೇ ಸಂಭವ ಎಂದಿದ್ದರು. ಕರಡು ತಿದ್ದುವಾಗ ಅಡಿಟಿಪ್ಪಣಿ ಸೇರಿಸಿದರು: ಅಲೆಯಲ್ಲ, ಅಲೆಯ ವರ್ಗ. ಆ ಅಡಿಟಿಪ್ಪಣಿಯೇ ಅವರಿಗೆ 1954ರಲ್ಲಿ ನೊಬೆಲ್ ತಂದಿತೆಂದರೆ ಅತಿಶಯೋಕ್ತಿ ಅಷ್ಟೇನಿಲ್ಲ. ಅಂಕಿ ಹಾಕಿ ನೋಡೋಣ. ಕತ್ತಲ ಜಾಗಕ್ಕೆ ಒಂದು ಸೀಳಿನಿಂದ +1, ಇನ್ನೊಂದರಿಂದ −1 ಬರುತ್ತದೆ ಎನ್ನಿ. ಬಿಡಿಬಿಡಿಯಾಗಿ ವರ್ಗ ಮಾಡಿದರೆ ಒಂದು, ಒಂದು. ಮೊದಲು ಕೂಡಿಸಿ ಆಮೇಲೆ ವರ್ಗ ಮಾಡಿದರೆ ಸೊನ್ನೆ. ಬೆಳಕಿನ ಜಾಗದಲ್ಲಿ +1, +1. ಕೂಡಿದರೆ ಎರಡು, ವರ್ಗ ನಾಲ್ಕು. ಮೊದಲು ಕೂಡು, ಆಮೇಲೆ ವರ್ಗ ಮಾಡು. ಕ್ವಾಂಟಮ್‌ನ ಅರ್ಧ ವಿಚಿತ್ರ ಈ ಕ್ರಮದಲ್ಲೇ ಇದೆ. ಸಂಭವದಲ್ಲಿ ಕಳೆಯುವ ಲೆಕ್ಕ ಇರುವುದಿಲ್ಲ. ಅದರ ಹಿಂದಿನ ಅಲೆಯಲ್ಲಿ ಇರುತ್ತದೆ.

ಐನ್‌ಸ್ಟೈನ್‌ಗೆ ಈ ಸಂಭವದ ಲೆಕ್ಕ ಸೇರಲಿಲ್ಲ. ದೇವರು ಪಗಡೆಯಾಡುವವನಲ್ಲ ಎಂಬ ಅವರ ತಕರಾರು ಮೊದಲು ಬಂದದ್ದು 1926ರ ಡಿಸೆಂಬರಿನಲ್ಲಿ ಇದೇ ಬಾರ್ನ್‌ಗೆ ಬರೆದ ಪತ್ರದಲ್ಲಿ.

ಈ ಬಾರ್ನ್ ಕರ್ನಾಟಕದಲ್ಲಿ ಇದ್ದರು ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಯಹೂದಿ ಎಂಬ ಕಾರಣಕ್ಕೆ 1933ರಲ್ಲಿ ಜರ್ಮನಿಯ ಗಟಿಂಗೆನ್‌ನ ಹುದ್ದೆ ಹೋಯಿತು. ಸಿ.ವಿ. ರಾಮನ್ ಆಗ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ (ಭಾರತೀಯ ವಿಜ್ಞಾನ ಸಂಸ್ಥೆ) ನಿರ್ದೇಶಕರು. ಅವರ ಕರೆಯ ಮೇಲೆ 1935-36ರ ಚಳಿಗಾಲದಲ್ಲಿ ಬಾರ್ನ್ ದಂಪತಿ ಬೆಂಗಳೂರಿಗೆ ಬಂದು ಸುಮಾರು ಆರು ತಿಂಗಳಿದ್ದರು. ಎನ್.ಎಸ್. ನಾಗೇಂದ್ರನಾಥ್ ಎಂಬ ತರುಣನ ಜೊತೆ ಸೇರಿ ಇಲ್ಲಿ ಪ್ರಬಂಧಗಳನ್ನೂ ಬರೆದರು. ಬಾರ್ನ್‌ಗೆ ಕಾಯಂ ಹುದ್ದೆ ಕೊಡಿಸಬೇಕೆಂದು ರಾಮನ್ ಪಟ್ಟು ಹಿಡಿದರು. ಸಭೆಯಲ್ಲಿ ಇಂಗ್ಲಿಷ್ ಪ್ರೊಫೆಸರೊಬ್ಬರು ಎದ್ದು, ಸ್ವಂತ ದೇಶದಿಂದ ಓಡಿಸಿಕೊಂಡ ಎರಡನೇ ದರ್ಜೆಯ ಪರದೇಶಿ ನಮಗೆ ಸಾಲದು ಎಂಬರ್ಥದ ಮಾತಾಡಿದರು. ಅಲ್ಲೇ ಕೂತಿದ್ದ ಬಾರ್ನ್ ಎಷ್ಟು ಕುಗ್ಗಿಹೋದರೆಂಬುದು ಅವರ ಆತ್ಮಕಥೆಯಲ್ಲಿದೆ. 1936ರಲ್ಲಿ ಅವರು ಎಡಿನ್‌ಬರೋಗೆ ಹೋದರು. ಮರುವರ್ಷ ರಾಮನ್ ನಿರ್ದೇಶಕ ಸ್ಥಾನ ಬಿಟ್ಟರು. ಹಾನಗಲ್ಲು, ಹಿರೇಕೆರೂರು ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು, ಸವಣೂರು ನವಾಬರ ಸಂಸ್ಥಾನ. ಮೈಸೂರು ಸೀಮೆಯಲ್ಲಿ ನಡೆದ ಈ ಜಗಳ ಇತ್ತ ಯಾರ ಕಿವಿಗೂ ಬಿದ್ದಿರಲಿಕ್ಕಿಲ್ಲ.

ಬಾರ್ನ್ ಕೊಟ್ಟ ಆ ವರ್ಗದ ನಿಯಮ ನಿಜವೇ ಎಂದು ಆಮೇಲೂ ಪರೀಕ್ಷಿಸುತ್ತಲೇ ಇದ್ದಾರೆ. ಅದರಲ್ಲಿ ಒಂದು ಪರೀಕ್ಷೆ ಹೈಸ್ಕೂಲ್ ಬೀಜಗಣಿತ ನೆನಪಿರುವವರಿಗೆಲ್ಲ ಅರ್ಥವಾಗುವಂಥದ್ದು. (ಅ + ಬ + ಕ)² ಬಿಡಿಸಿ ನೋಡಿ: ಅ² + ಬ² + ಕ² + 2ಅಬ + 2ಬಕ + 2ಕಅ. ಜೋಡಿಗಳಿವೆ, ಅ, ಬ, ಕ ಮೂರೂ ಒಟ್ಟಿಗೆ ಗುಣಿಸಿದ ಪದ ಎಲ್ಲೂ ಇಲ್ಲ. ವರ್ಗದ ಬದಲು ಘನವಾಗಿದ್ದರೆ ಅದೂ ಇರುತ್ತಿತ್ತು. ಅಂದಮೇಲೆ ಎರಡರ ಬದಲು ಮೂರು ಸೀಳು ಕೊಟ್ಟು ಬೆಳಕಿನ ಗಂಟುಗಳನ್ನು ಬಿಟ್ಟರೆ, ಜೋಡಿಗಳ ಪರಿಣಾಮ ಕಾಣಬೇಕು, ಮೂವರ ಕೂಟದ ಪರಿಣಾಮ ಕಾಣಬಾರದು. ಕೆನಡಾದ ವಾಟರ್‌ಲೂನಲ್ಲಿ ಉರ್ಬಸಿ ಸಿನ್ಹಾ ಮತ್ತು ಸಂಗಡಿಗರು ಇದನ್ನೇ ಮಾಡಿದರು. 2010ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಮೂರರ ಪದವೇನಾದರೂ ಇದ್ದರೆ ಅದು ಜೋಡಿಗಳ ಪರಿಣಾಮದ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ಬಾರ್ನ್ ಅಡಿಟಿಪ್ಪಣಿ ಗೆದ್ದಿತು. ಸಿನ್ಹಾ ಅವರು ಈಗ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕ್ವಾಂಟಮ್ ಪ್ರಯೋಗಾಲಯ ನಡೆಸುತ್ತಿದ್ದಾರೆ. ರಾಮನ್ 1948ರಲ್ಲಿ ಕಟ್ಟಿದ ಸಂಸ್ಥೆ ಅದು.

ಕ್ವಾಂಟಮ್ ಕಂಪ್ಯೂಟರು, 2023ರಲ್ಲಿ ಕೇಂದ್ರ ಘೋಷಿಸಿದ ಆರು ಸಾವಿರ ಕೋಟಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್, ಇವೆಲ್ಲ ನಿತ್ಯ ಪತ್ರಿಕೆಯಲ್ಲಿ ಬರುತ್ತಲೇ ಇವೆ. ಅವುಗಳ ಬುಡದಲ್ಲಿರುವುದೂ ಅದೇ 'ಕೂಡಿ, ವರ್ಗ ಮಾಡು' ಲೆಕ್ಕ.

ಈ ಸೀಮೆಯಲ್ಲಿ ಕ್ವಾಂಟಮ್ ಮಾತು ತೆಗೆದರೆ ಯಾರಾದರೊಬ್ಬರು ಶರೀಫರನ್ನು ತರುತ್ತಾರೆ. ಶಿಗ್ಗಾವಿ ತಾಲ್ಲೂಕಿನ ಶಿಶುನಾಳದವರು, ಒಗಟಿನಂತೆ ಹಾಡಿದವರು. ಅವರಿಗೆ ಇದೆಲ್ಲ ಮೊದಲೇ ಹೊಳೆದಿತ್ತು ಎನ್ನುತ್ತಾರೆ. ಶರೀಫರ ಮೇಲಿನ ಪ್ರೀತಿಯಿಂದಲೇ ನಾನು ಇದನ್ನು ಒಪ್ಪುವುದಿಲ್ಲ. ಅವರ ಒಗಟಿಗೆ ಕೀಲಿಕೈ ಇದೆ. ಭಜನೆ ಮೇಳದ ಹಿರಿಯರನ್ನು ಕೇಳಿದರೆ ಯಾವುದು ದೇಹ, ಯಾವುದು ಮನಸ್ಸು, ಯಾವುದು ಗುರು ಎಂದು ಬಿಡಿಸಿ ಕೊಡುತ್ತಾರೆ. ಎಲೆಕ್ಟ್ರಾನಿನ ಒಗಟು ಇದಕ್ಕೆ ಉಲ್ಟಾ. ಲೆಕ್ಕ ಎಲ್ಲರಿಗೂ ಒಂದೇ, ಅರ್ಥದ ವಿಷಯದಲ್ಲಿ ನೊಬೆಲ್ ಪಡೆದವರಲ್ಲೂ ಒಮ್ಮತವಿಲ್ಲ. ಎರಡನ್ನೂ ಕಲಸಿದರೆ ಹಾಡೂ ಕೆಡುತ್ತದೆ, ಲೆಕ್ಕವೂ ಕೆಡುತ್ತದೆ.

ಇದಕ್ಕಿಂತ ಅಪಾಯದ ಕಲಬೆರಕೆ ಒಂದಿದೆ. ಆರೋಗ್ಯ ಶಿಬಿರದ ಹೆಸರಲ್ಲಿ, ಅಂಗೈಯಲ್ಲಿ ಲೋಹದ ಸರಳು ಹಿಡಿಸಿ, ಒಂದೆರಡು ನಿಮಿಷದಲ್ಲಿ ಲಿವರು, ಕಿಡ್ನಿ, ಮೂಳೆ, ವಿಟಮಿನ್ ಎಲ್ಲದರ ವರದಿ ಮುದ್ರಿಸಿ ಕೊಡುವ 'ಕ್ವಾಂಟಮ್ ಅನಲೈಸರ್'. ಅದರಲ್ಲಿ ಕ್ವಾಂಟಮ್ ಇರುವುದು ಹೆಸರಿನಲ್ಲಿ ಮಾತ್ರ. ನಿಜವಾದ ಕ್ವಾಂಟಮ್ ಯಂತ್ರವನ್ನು ನಮ್ಮವರು ಈಗಾಗಲೇ ನೋಡಿದ್ದಾರೆ, ಅದರೊಳಗೆ ಮಲಗಿಯೂ ಬಂದಿದ್ದಾರೆ. ಬೆನ್ನುನೋವೆಂದು ಹುಬ್ಬಳ್ಳಿಗೋ ದಾವಣಗೆರೆಗೋ ಹೋದಾಗ ಮಾಡಿಸುವ ಎಂಆರ್‌ಐ ಸ್ಕ್ಯಾನ್ ಅದು. ದೇಹದ ನೀರಿನಲ್ಲಿರುವ ಹೈಡ್ರೋಜನ್‌ನ ಬೀಜಕ್ಕೆ ಸ್ಪಿನ್ ಎಂಬ ಕ್ವಾಂಟಮ್ ಗುಣವಿದೆ. ಕಾಂತಕ್ಷೇತ್ರದಲ್ಲಿ ಅದಕ್ಕೆ ಎರಡೇ ಮಟ್ಟ, ನಡುವೆ ಮತ್ತೊಂದಿಲ್ಲ. ಒಂದೂವರೆ ಟೆಸ್ಲಾ ಯಂತ್ರದಲ್ಲಿ ಆ ಎರಡು ಮಟ್ಟಗಳ ಅಂತರ ಸುಮಾರು 64 ಮೆಗಾಹರ್ಟ್ಸ್ ರೇಡಿಯೋ ಅಲೆಯ ಒಂದು ಗಂಟಿನಷ್ಟು. ಆ ಅಲೆ ಕಳಿಸಿ, ಮರಳಿ ಬಂದದ್ದನ್ನು ಕೇಳಿಸಿಕೊಂಡು ಯಂತ್ರ ಚಿತ್ರ ಬಿಡಿಸುತ್ತದೆ. ಯಾವುದರಿಂದ ಸಂಕೇತ ಬಂತು, ಎಷ್ಟು ಟೆಸ್ಲಾ, ಎಷ್ಟು ಮೆಗಾಹರ್ಟ್ಸ್ ಎಂದು ಅಲ್ಲಿನ ತಂತ್ರಜ್ಞರನ್ನು ಕೇಳಿದರೆ ಉತ್ತರ ಸಿಗುತ್ತದೆ. ಶಿಬಿರದಲ್ಲಿ ಸರಳು ಕೊಟ್ಟವರನ್ನೂ ಅದೇ ಮೂರು ಪ್ರಶ್ನೆ ಕೇಳಿ. ಹಣ ಕೊಡುವ ಮೊದಲು.