ಹೊಲದ ದಾರಿ ತಿರುಗಿಸುವ ಮುನ್ನ: ನಕಾಶೆ, ಕಾಯ್ದೆ ಮತ್ತು ರೈತರ ಹಕ್ಕು

ಕೊಪ್ಪಳ: ಬಿತ್ತನೆ ಆರಂಭವಾದೊಡನೆ ಜಿಲ್ಲೆಯ ತಹಶೀಲ್ದಾರ್ ಕಚೇರಿಗಳಿಗೆ ಬರುವ ಅರ್ಜಿಗಳಲ್ಲಿ ಹೊಲದ ದಾರಿಯ ತಕರಾರು ತಪ್ಪದೆ ಇರುತ್ತದೆ. ತಲೆಮಾರುಗಳಿಂದ ಎತ್ತಿನ ಬಂಡಿ ಸಾಗಿದ ದಾರಿಗೆ ಒಬ್ಬರು ಮುಳ್ಳುಬೇಲಿ ಹಾಕುತ್ತಾರೆ. ಇನ್ನೊಬ್ಬರು ದಾರಿಯನ್ನೇ ಉತ್ತು ಬದುವಿನ ಪಕ್ಕಕ್ಕೆ ಸರಿಸುತ್ತಾರೆ. ರೈಲು ಮಾರ್ಗ, ಹೆದ್ದಾರಿ, ಕಾರ್ಖಾನೆ, ಬಡಾವಣೆಗಳು ಬಂದೆಡೆ ದಾರಿಯನ್ನು ‘ತಿರುಗಿಸುವ’ ಪ್ರಸ್ತಾವಗಳೂ ಬರುತ್ತವೆ. ಹಾಗಾದರೆ ಹಳೆಯ ದಾರಿಯನ್ನು ಬದಲಿಸುವ ಅಧಿಕಾರ ಯಾರಿಗಿದೆ? ಆಕ್ಷೇಪಣೆ ಇದ್ದವರು ಏನು ಮಾಡಬೇಕು?

ಮೊದಲು ನಕಾಶೆ ನೋಡಿ

ಎಲ್ಲ ದಾರಿಗಳೂ ಕಾಯ್ದೆಯ ದೃಷ್ಟಿಯಲ್ಲಿ ಒಂದೇ ಅಲ್ಲ. ಭೂಮಾಪನ ಇಲಾಖೆಯ ಗ್ರಾಮ ನಕಾಶೆಯಲ್ಲಿ ಕಾಲುದಾರಿಯನ್ನು ಒಂಟಿ ಚುಕ್ಕೆಗೆರೆಯಿಂದಲೂ ಬಂಡಿದಾರಿಯನ್ನು ಜೋಡಿ ಚುಕ್ಕೆಗೆರೆಯಿಂದಲೂ ಗುರುತಿಸುವುದು ವಾಡಿಕೆ. ಹೀಗೆ ಗುರುತಾದದ್ದು ‘ನಕಾಶೆ ಕಂಡ ದಾರಿ’. ಅಂತಹ ದಾರಿ ಖಾಸಗಿ ಹೊಲದ ನಡುವೆ ಹಾದಿದ್ದರೆ, ಆ ಭಾಗವನ್ನು ಸಾಮಾನ್ಯವಾಗಿ ‘ಬ’ ಖರಾಬು ಎಂದು ದಾಖಲಿಸಲಾಗಿರುತ್ತದೆ. ಕರ್ನಾಟಕ ಭೂಕಂದಾಯ ನಿಯಮಗಳು, 1966ರ ಪ್ರಕಾರ ರಸ್ತೆ, ಮಾನ್ಯತೆ ಪಡೆದ ಕಾಲುದಾರಿ, ಇತರರೂ ಬಳಸುವ ಕೆರೆ, ಹಳ್ಳ ಮುಂತಾದವು ಈ ವರ್ಗಕ್ಕೆ ಸೇರುತ್ತವೆ. ಪಹಣಿಯಲ್ಲಿ ರೈತನ ಹೆಸರಿದ್ದ ಮಾತ್ರಕ್ಕೆ ‘ಬ’ ಖರಾಬಿನ ದಾರಿಯನ್ನು ಸಾಗುವಳಿ ಮಾಡುವ ಹಕ್ಕು ಬರುವುದಿಲ್ಲ.

ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 67ನೇ ಪ್ರಕರಣವು ಸಾರ್ವಜನಿಕ ರಸ್ತೆ, ಓಣಿ, ದಾರಿಗಳು ಸರ್ಕಾರಕ್ಕೆ ಸೇರಿದವು ಎನ್ನುತ್ತದೆ. ಸಾರ್ವಜನಿಕರಿಗೆ ಅಗತ್ಯವಿಲ್ಲದ ದಾರಿಯ ಮೇಲಿನ ಹಕ್ಕನ್ನು ಕೊನೆಗೊಳಿಸುವ ಕ್ರಮ 68ನೇ ಪ್ರಕರಣದಲ್ಲಿದೆ. ಅದಕ್ಕೆ ಅಧಿಕೃತ ಪ್ರಕಟಣೆ ಹೊರಡಬೇಕು. ಬಾಧಿತರು ಜಿಲ್ಲಾಧಿಕಾರಿಗೆ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು, ಪರಿಹಾರವನ್ನೂ ಕೋರಬಹುದು. ಪಕ್ಕದ ಹೊಲದವರಾಗಲಿ, ಕಂಪನಿಯಾಗಲಿ, ಬರೀ ಪಂಚಾಯಿತಿ ಠರಾವಿನ ಬಲದಿಂದಾಗಲಿ ನಕಾಶೆ ಕಂಡ ದಾರಿಯನ್ನು ಅಳಿಸಲು ಬರುವುದಿಲ್ಲ.

ನಕಾಶೆಯಲ್ಲಿ ಇಲ್ಲದಿದ್ದರೆ?

ತಕರಾರುಗಳಲ್ಲಿ ಅನೇಕವು ಹುಟ್ಟುವುದು ನಕಾಶೆಯಲ್ಲಿಲ್ಲದ ‘ರೂಢಿ ದಾರಿ’ಗಳ ವಿಷಯದಲ್ಲಿ. ಇವುಗಳಿಗೆ 1882ರ ಈಸ್‌ಮೆಂಟ್ ಕಾಯ್ದೆ ಆಧಾರ. ಖಾಸಗಿ ಹೊಲದ ಮೂಲಕ 20 ವರ್ಷ ನಿರಂತರವಾಗಿ, ಶಾಂತಿಯುತವಾಗಿ, ಬಹಿರಂಗವಾಗಿ, ಹಕ್ಕೆಂಬಂತೆ ತಿರುಗಾಡಿದ್ದರೆ ದಾರಿಯ ಹಕ್ಕು ಬರುತ್ತದೆ. ಮಾಲೀಕರ ಅನುಮತಿ ಪಡೆದು ನಡೆದದ್ದು ಇದಕ್ಕೆ ಸಾಲದು. 20 ವರ್ಷ ನಿರಂತರವಾಗಿ ಬಳಸದೆ ಬಿಟ್ಟರೆ ಬಂದ ಹಕ್ಕೂ ಹೋಗುತ್ತದೆ.

ಅಣ್ಣತಮ್ಮಂದಿರ ಪಾಲಿನಲ್ಲಿ ಒಬ್ಬರ ಹೊಲ ದಾರಿಯಿಲ್ಲದೆ ಒಳಗೆ ಸಿಕ್ಕಿಕೊಂಡರೆ ಅದೇ ಕಾಯ್ದೆಯ 13 ಮತ್ತು 14ನೇ ಪ್ರಕರಣಗಳು ಅನ್ವಯಿಸುತ್ತವೆ. ಎಲ್ಲಿ ದಾರಿ ಬಿಡಬೇಕೆಂಬುದನ್ನು ಗೊತ್ತುಪಡಿಸುವ ಅವಕಾಶ ದಾರಿ ಕೊಡಬೇಕಾದ ಪಾಲುದಾರನಿಗೆ ಮೊದಲು ಇರುತ್ತದೆ. ಆದರೆ ಅದು ಒಳಗಿನವನಿಗೆ ತಕ್ಕಮಟ್ಟಿಗೆ ಅನುಕೂಲವಾಗಿರಬೇಕು. ಆತ ನಿರಾಕರಿಸಿದರೆ ಒಳಗಿನ ಹೊಲದವನೇ ದಾರಿ ಗೊತ್ತುಪಡಿಸಿಕೊಳ್ಳಬಹುದು.

ತಡ ಮಾಡಿದರೆ ನಷ್ಟ

ದಾರಿಗೆ ಅಡ್ಡಿಪಡಿಸಿದ ಪ್ರಕರಣಗಳಲ್ಲಿ ತಹಶೀಲ್ದಾರರು ದಂಡ ಪ್ರಕ್ರಿಯಾ ಸಂಹಿತೆಯ 147ನೇ ಪ್ರಕರಣದಡಿ ಕ್ರಮ ಕೈಗೊಳ್ಳಬೇಕೆಂದು ಕಂದಾಯ ಇಲಾಖೆ 2023ರಲ್ಲಿ ಸುತ್ತೋಲೆ ಹೊರಡಿಸಿತ್ತು. 2024ರ ಜುಲೈ 1ರಿಂದ ಆ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 166ನೇ ಪ್ರಕರಣ ಜಾರಿಯಲ್ಲಿದೆ. ಇಲ್ಲಿ ರೈತರು ಗಮನಿಸಬೇಕಾದ ಅಂಶವೊಂದಿದೆ. ವರ್ಷವಿಡೀ ಬಳಸುವ ದಾರಿಯಾದರೆ, ದೂರು ತಲುಪುವ ಹಿಂದಿನ 3 ತಿಂಗಳೊಳಗೆ ಅದನ್ನು ಬಳಸಿರಬೇಕು. ಹಂಗಾಮಿನಲ್ಲಿ ಮಾತ್ರ ಬಳಸುವುದಾದರೆ ಕಳೆದ ಹಂಗಾಮಿನಲ್ಲಿ ಬಳಸಿರಬೇಕು. ಇಲ್ಲವಾದಲ್ಲಿ ಅಡ್ಡಿ ತೆಗೆಸುವ ಆದೇಶ ಈ ಪ್ರಕರಣದಡಿ ಸಿಗದು, ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕಾಗುತ್ತದೆ. ‘ಸುಗ್ಗಿ ಮುಗಿಯಲಿ, ಆಮೇಲೆ ನೋಡೋಣ’ ಎಂದು ಹಿರಿಯರು ರಾಜಿಗೆ ಕಾಯಿಸುವಾಗ ಈ ಅವಧಿ ಮೀರಿಹೋಗುವ ಅಪಾಯವಿದೆ.

ರೈಲು ಮಾರ್ಗದ ಆಚೆಗಿನ ಹೊಲ

ಗಿಣಿಗೇರಾ-ಮೆಹಬೂಬನಗರ ಮಾರ್ಗದಲ್ಲಿ 2019ರಲ್ಲಿ ಗಂಗಾವತಿಗೆ ರೈಲು ಬಂತು. ಗದಗ-ವಾಡಿ ಮಾರ್ಗದಲ್ಲಿ ಯಲಬುರ್ಗಾ ಸೀಮೆಯನ್ನು ಹಾದು 2025ರ ಮೇ 15ರಂದು ಕುಷ್ಟಗಿಗೆ ಸಂಚಾರ ಆರಂಭವಾಯಿತು. ದಶಕಗಳ ಬೇಡಿಕೆ ಈಡೇರಿತು, ನಿಜ. ಆದರೆ ಹಳಿಯ ಏರಿ ಹೊಲವನ್ನು ಸೀಳಿದಲ್ಲಿ ಈಚೆ ಮನೆ, ಆಚೆ ಬೆಳೆ. ಬಳಸುದಾರಿಯಲ್ಲಿ ಟ್ರ್ಯಾಕ್ಟರ್‌ಗೆ ಹೆಚ್ಚುವರಿ ಡೀಸೆಲ್ ಬೇಕು, ಬುತ್ತಿ ಹೊತ್ತ ಹೆಣ್ಣುಮಕ್ಕಳಿಗೆ ಹೆಚ್ಚುವರಿ ನಡಿಗೆ. ಎರೆಭೂಮಿಯಲ್ಲಿ ಕೆಳಸೇತುವೆಗೆ ಮಳೆ ನೀರು ನಿಂತರೆ ಅದೂ ಬಂದ್.

ರೈಲ್ವೆ ಕಾಯ್ದೆ, 1989ರ 16ನೇ ಪ್ರಕರಣ ಇಲ್ಲಿ ನೆರವಿಗೆ ಬರುತ್ತದೆ. ಮಾರ್ಗದಿಂದ ಜಮೀನಿನ ಬಳಕೆಗೆ ಆದ ಅಡಚಣೆ ನೀಗಲು ರಾಜ್ಯ ಸರ್ಕಾರ ಅಗತ್ಯವೆಂದು ಅಭಿಪ್ರಾಯಪಟ್ಟ ದಾಟುದಾರಿ, ಸೇತುವೆ, ನೀರಿನ ಹಾದಿಗಳನ್ನು ರೈಲ್ವೆ ಆಡಳಿತವೇ ನಿರ್ಮಿಸಿ ನಿರ್ವಹಿಸಬೇಕು. ಇದಕ್ಕೆ ಎರಡು ಮಿತಿಗಳಿವೆ. ದಾಟುದಾರಿ ಬೇಡವೆಂದು ಒಪ್ಪಿ ಅದರ ಬದಲು ಪರಿಹಾರ ಪಡೆದವರು ಮತ್ತೆ ಕೇಳುವಂತಿಲ್ಲ. ಸಂಚಾರ ಆರಂಭವಾಗಿ 10 ವರ್ಷ ಕಳೆದ ಮೇಲೆ ಹೆಚ್ಚುವರಿ ಕಾಮಗಾರಿಯ ಹೊಣೆ ರೈಲ್ವೆಗೆ ಇರುವುದಿಲ್ಲ. ಅಂದರೆ ಗಂಗಾವತಿ ಭಾಗದ ರೈತರಿಗೆ 2029ರವರೆಗೆ, ಕುಷ್ಟಗಿ ಪಟ್ಟಣದ ಸುತ್ತಲಿನವರಿಗೆ 2035ರವರೆಗೆ ಮಾತ್ರ ಕಾಲಾವಕಾಶ. ಬೇಡಿಕೆಯನ್ನು ಜಿಲ್ಲಾಡಳಿತದ ಮೂಲಕವೇ ಒಯ್ಯುವುದು ಸೂಕ್ತ.

ಅರ್ಜಿಯಲ್ಲಿ ಏನಿರಬೇಕು?

ಗ್ರಾಮ ನಕಾಶೆಯ ದೃಢೀಕೃತ ಪ್ರತಿ, ಸರ್ವೆ ನಂಬರಿನ ಟಿಪ್ಪಣಿ, ಪಹಣಿ, ದಾರಿ ಬಳಸುವವರ ಸಹಿ, ಕೊನೆಯ ಬಾರಿ ಬಳಸಿದ ದಿನಾಂಕ ಹಾಗೂ ಅಡ್ಡಿಯ ಚಿತ್ರ ಇದ್ದರೆ ಅರ್ಜಿಗೆ ಬಲ ಬರುತ್ತದೆ. ಸ್ವೀಕೃತಿ ಪಡೆಯುವುದನ್ನು ಮರೆಯಬಾರದು.

ಉದ್ಯೋಗ ಖಾತರಿ ಯೋಜನೆಯಡಿ ‘ನಮ್ಮ ಹೊಲ ನಮ್ಮ ದಾರಿ’ ಹೆಸರಿನಲ್ಲಿ ರಾಜ್ಯದಲ್ಲಿ ಹೊಲದ ರಸ್ತೆಗಳ ಅಭಿವೃದ್ಧಿ ಕೈಗೊಳ್ಳಲಾಗಿತ್ತು. ಮೊರಂ ಹಾಕಿದ ಮಾತ್ರಕ್ಕೆ ದಾರಿ ದಾಖಲೆಗೆ ಸೇರುವುದಿಲ್ಲ. ಬದಲಿ ದಾರಿಗೆ ಊರವರು ಒಪ್ಪುವುದಾದರೆ ಅದರ ಅಳತೆಯಾಗಿ, ನಕಾಶೆಯಲ್ಲಿ ಗುರುತಾಗಿ, ಹೊಸ ದಾರಿ ನಡೆದಾಡಲು ಸಿದ್ಧವಾದ ಮೇಲೆಯೇ ಹಳೆಯದನ್ನು ಮುಚ್ಚಲು ಒಪ್ಪುವುದು ಕ್ಷೇಮ. ಬಾಯಿಮಾತಿನ ದಾರಿ ಹೊಲ ಕೈಬದಲಾಗುವವರೆಗೆ ಮಾತ್ರ.